ಕುದುರೆ ಎಷ್ಟೆಂದು ಕೇಳುವ ಮೊದಲು

ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಚ್ಚಿ, ತೊಳೆದು, ಮತ್ತೆ ಕಟ್ಟುವ ಗಂಡಸರ ಬಗ್ಗೆ ನನಗೆ ಗೌರವವಿದೆ. ತಾಳ್ಮೆಯ ಕೆಲಸ ಅದು. ಆದರೆ ಅವರಲ್ಲಿ ಬಹಳ ಜನ ಎಂಜಿನ್ ಕಾರಿನಿಂದ ಹೊರಗೆ ಬಂದ ಗಳಿಗೆಯಿಂದ ಒಂದೇ ಪ್ರಶ್ನೆ ಹಿಡಿದು ಕೂರುತ್ತಾರೆ: "ಇದರಿಂದ ಇನ್ನೆಷ್ಟು ಹಾರ್ಸ್ ಪವರ್ ತೆಗೆಯಬಹುದು?" ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ ಎಂಬುದು ನನ್ನ ವಾದ. ಈ ಕಾರನ್ನು ಯಾರು ಓಡಿಸುತ್ತಾರೆ, ಯಾವ ರಸ್ತೆಯಲ್ಲಿ ಓಡಿಸುತ್ತಾರೆ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಉತ್ತರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಒಂದು ಬಿಡಿಭಾಗವನ್ನೂ ಕೊಳ್ಳಬಾರದು.

ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಪಾಠ ಮಾಡುವ ಹೆಂಗಸಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ತಮ್ಮನೂ ಕೇಳಿದ. ಅವನ ಸ್ನೇಹಿತರು ಬಾಯಿಬಿಟ್ಟು ಕೇಳದಿದ್ದರೂ ಮುಖದಲ್ಲಿ ಕೇಳಿದರು. ಮನೆಯ ದುಡ್ಡು ಎಲ್ಲಿ ಹೋಗುತ್ತದೋ ಅಲ್ಲಿ ಮನೆಯ ಹೆಂಗಸಿನ ಉಸಾಬರಿಯೂ ಹೋಗಬೇಕು. ಅದೇ ನನ್ನ ಉತ್ತರ.

ನನ್ನ ತಮ್ಮ ಇಂಗ್ಲೆಂಡಿನಲ್ಲಿ, ಆಕ್ಸ್‌ಫರ್ಡ್ ಕಡೆಯ ಒಂದು ಊರಿನಲ್ಲಿ ನೆಲೆಸಿದ್ದಾನೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರ ಸಂಬಳದಲ್ಲೂ ತಿಂಗಳು ತಿಂಗಳು ಎತ್ತಿಟ್ಟು ಒಂದು ಹಳೆಯ ಎಂ.ಜಿ.ಬಿ. ಕಾರು ಕೊಂಡಿದ್ದರು. 1968ರ ಮಾದರಿ, ಮೇಲ್ಛಾವಣಿ ಮಡಚಬಹುದಾದ ಎರಡು ಸೀಟಿನದು. ಈ ಎಂ.ಜಿ.ಬಿ. ಅವರ ಮನೆಗೆ ಹತ್ತಿರದ ಅಬಿಂಗ್‌ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಮಿಕ್ಕಿ ಕಾರುಗಳು ಅಲ್ಲಿಂದ ಹೊರಬಿದ್ದವು. ಶ್ರೀಮಂತರ ಆಟಿಕೆಯಲ್ಲ; ಮೇಷ್ಟರು, ಗುಮಾಸ್ತರು, ನರ್ಸುಗಳು ಸಾಲಸೋಲ ಮಾಡಿ ಕೊಳ್ಳಬಹುದಾಗಿದ್ದ ಸ್ಪೋರ್ಟ್ಸ್ ಕಾರು. ನಾನು ಮೊದಲ ಸಲ ಬೇಸಿಗೆ ರಜೆಯಲ್ಲಿ ಹೋದಾಗ ಅದನ್ನು ಓಡಿಸುತ್ತಿದ್ದವಳು ತಮ್ಮನ ಹೆಂಡತಿಯೇ. ಭಾನುವಾರ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ನನ್ನನ್ನು ಕೂರಿಸಿಕೊಂಡು ಹೊರಡುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದವಳ ಮುಖದಲ್ಲಿ ಆ ಕಾರು ತರುತ್ತಿದ್ದ ಕಳೆ ಬೇರೆ ಯಾವುದರಿಂದಲೂ ಬರುತ್ತಿರಲಿಲ್ಲ.

ಎರಡನೆಯ ಸಲ ಹೋದಾಗ ಕಾರಿತ್ತು, ಕಳೆ ಇರಲಿಲ್ಲ. ನಡುವೆ ಎಂಜಿನ್ ಹೊಗೆ ಉಗುಳಲು ಆರಂಭಿಸಿ, ಓವರ್‌ಹಾಲ್ ಆಗಿತ್ತು. ಹೇಗೂ ಬಿಚ್ಚಿದ್ದೇವೆ, ಶಕ್ತಿಯನ್ನೂ ಹೆಚ್ಚಿಸಿಬಿಡೋಣ ಎಂದು ತಮ್ಮ ಕ್ಯಾಟಲಾಗು ತೆರೆದ. ಬೇರೆ ಕ್ಯಾಮ್‌ಶಾಫ್ಟ್ ಬಂತು, ದೊಡ್ಡ ಕಾರ್ಬ್ಯುರೇಟರ್ ಬಂತು, ಫಳಫಳ ಹೊಳೆಯುವ ಸೈಲೆನ್ಸರ್ ಕೊಳವೆಗಳು ಬಂದವು. ಸಿಲಿಂಡರ್ ಕೊರೆಯಲು ಕೊಟ್ಟ ವರ್ಕ್‌ಶಾಪಿನವರು (ಹೆಸರು ಬೇಡ) 20 ಥೌ ಕೊರೆದಿದ್ದರೆ ಸಾಕಾಗುತ್ತಿದ್ದ ಬ್ಲಾಕನ್ನು ಕೇಳದೆ ಕೇಳದೆ 60 ಥೌ ಕೊರೆದು ಕಳಿಸಿದರು. ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಎಲ್ಲ ಸೇರಿ ಕಟ್ಟಿದ ಮೇಲೆ ಎಂಜಿನ್ ಭರ್ರೆನ್ನುವುದೇನೋ ನಿಜ. ಆದರೆ ನಿಂತಲ್ಲಿ ನೆಟ್ಟಗೆ ನಿಲ್ಲದು. ನಿಧಾನವಾಗಿ ಹೋದರೆ ಜಗ್ಗುತ್ತದೆ. ಸರ್ಕಲ್ಲಿನಲ್ಲಿ ಕಾದು ಹೊರಡುವಾಗ ಆರಿಹೋಗುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಎರಡು ಬಾರಿ ಹಾಗಾದ ಮೇಲೆ ಅವಳು ಕೀಲಿಕೈ ಮೊಳೆಗೆ ನೇತುಹಾಕಿದಳು.

"ಅತ್ತಿಗೆ, ಅದು ಈಗ ನನ್ನ ಕಾರಲ್ಲ" ಎಂದಳು.

"ಅಕ್ಕಾ, ಮೂರು ಸಾವಿರ ಸುತ್ತು ದಾಟಲಿ, ಆಮೇಲೆ ನೋಡು ಅದರ ಓಟ!" ಎಂದ ತಮ್ಮ.

ಆಸ್ಪತ್ರೆಯ ದಾರಿಯಲ್ಲಿ ಗಂಟೆಗೆ ಮೂವತ್ತು ಮೈಲಿಗಿಂತ ವೇಗವಾಗಿ ಹೋದರೆ ದಂಡ. ಮೂರು ಸಾವಿರ ದಾಟಿಸಿ ಅವಳು ಹೋಗುವುದಾದರೂ ಎಲ್ಲಿಗೆ? ಕಾರಿಗೆ ಕುದುರೆಗಳು ಹೆಚ್ಚಾದವು, ಮನೆಯಲ್ಲಿ ಓಡಿಸುವವರು ಒಬ್ಬರು ಕಡಿಮೆಯಾದರು. ಇದನ್ನು ಅಭಿವೃದ್ಧಿ ಎನ್ನಲು ನನ್ನ ನಾಲಿಗೆ ಬಾರದು.

ಆ ರಜೆಯಲ್ಲಿ ನಾನು ತಮ್ಮನ ಶೆಡ್ಡಿನಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿದೆ. ಅರ್ಥವಾಗದ್ದನ್ನು ಕೇಳಿದೆ. ಕೆಲವು ಕಡೆ ಅವನಿಗೂ ಅರ್ಥವಾಗಿರಲಿಲ್ಲ ಎಂಬುದು ತಿಳಿಯಿತು. ಈ ಎಂಜಿನ್ ನಮಗೆ ತೀರ ಪರಕೀಯವೂ ಅಲ್ಲ. ಎಂ.ಜಿ.ಬಿ.ಯದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ ಸೀರೀಸ್' ಎಂಜಿನ್, 1798 ಸಿಸಿ. ಇದೇ ವಂಶದ 1489 ಸಿಸಿ ಎಂಜಿನ್ ನಮ್ಮ ಅಂಬಾಸಿಡರ್ ಕಾರನ್ನು ದಶಕಗಳ ಕಾಲ ಎಳೆಯಿತು. ಎಂ.ಜಿ.ಬಿ.ಗೆ ಮುಂಚೆ 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ 1489 ಸಿಸಿಯದೇ. ನಮ್ಮೂರ ಬಸ್ ಸ್ಟ್ಯಾಂಡಿನ ಟ್ಯಾಕ್ಸಿಯೂ ಅಬಿಂಗ್‌ಡನ್ನಿನ ಸುಂದರಾಂಗನೂ ದಾಯಾದಿಗಳು! ನಮ್ಮ ಟ್ಯಾಕ್ಸಿಯವರು "ಬೋರ್ ಮಾಡಿಸ್ದೆ, ರಿಂಗ್ ಹಾಕಿಸ್ದೆ, ಹೆಡ್ ಇಳಿಸ್ದೆ" ಎನ್ನುತ್ತಿದ್ದುದೆಲ್ಲ ಇದೇ ಎಂಜಿನ್ನಿನ ಮಾತು.

ಈಗ 'ಬೋರ್' ಎಂಬುದನ್ನೇ ತೆಗೆದುಕೊಳ್ಳಿ. ಸಿಲಿಂಡರನ್ನು ಅಗಲಿಸಿದರೆ ಶಕ್ತಿ ಬೇಕಾದಷ್ಟು ಬರುತ್ತದೆ ಎಂದು ನಂಬಿದವರು ಬಹಳ. ಸಿಲಿಂಡರಿನ ಘನಫಲ ಹೈಸ್ಕೂಲಿನ ಲೆಕ್ಕ. ಎಂ.ಜಿ.ಬಿ. ಸಿಲಿಂಡರಿನ ವ್ಯಾಸ 80.26 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 88.9 ಮಿಲಿಮೀಟರ್. ಇದರಲ್ಲಿ 60 ಥೌ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಅಗಲಿಸಿದರೆ 1798 ಸಿಸಿ 1868 ಆಗುತ್ತದೆ. ಹೆಚ್ಚಿದ್ದು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಇಷ್ಟಕ್ಕೆ ಬ್ಲಾಕಿನ ಮುಂದಿನ ಆಯುಷ್ಯವನ್ನೆಲ್ಲ ಒಂದೇ ಸಲಕ್ಕೆ ಖರ್ಚು ಮಾಡಿದಂತಾಯಿತು. 20 ಥೌ ಕೊರೆದಿದ್ದರೆ ಮುಂದೆ 40ಕ್ಕೆ, ಆಮೇಲೆ 60ಕ್ಕೆ ಜಾಗವಿರುತ್ತಿತ್ತು. ಬೋರಿಂಗ್ ಇರುವುದು ಸವೆದ ಸಿಲಿಂಡರನ್ನು ಮತ್ತೆ ದುಂಡಗೆ ಮಾಡುವುದಕ್ಕೆ, ಜಂಬಕ್ಕಲ್ಲ. ಎಷ್ಟು ಸವೆದಿದೆ ಎಂದು ಅಳೆದು, ತಕ್ಕ ಅಳತೆಯ ಪಿಸ್ಟನ್ ತರಿಸಿ, ಆ ಪಿಸ್ಟನ್ನಿಗೆ ಹೊಂದುವಂತೆ ಕೊರೆಯಬೇಕು. ರವಿಕೆ ಬಟ್ಟೆ ತರುವ ಮೊದಲೇ ರವಿಕೆ ಕತ್ತರಿಸುವವರುಂಟೇ?

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಪಿಸ್ಟನ್ ಕೆಳಗಿದ್ದಾಗಿನ ಜಾಗಕ್ಕೂ ಮೇಲೆ ಬಂದಾಗ ಉಳಿಯುವ ಜಾಗಕ್ಕೂ ಇರುವ ಪ್ರಮಾಣಕ್ಕೆ ಕಂಪ್ರೆಶನ್ ರೇಷಿಯೋ ಎನ್ನುತ್ತಾರೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಿ ಹಿಡಿಯುತ್ತದೆ ಎಂಬುದರ ಅಳತೆ ಅದು. ಎಂ.ಜಿ.ಬಿ.ಯಲ್ಲಿ ಸಾಮಾನ್ಯವಾಗಿ 8.8ಕ್ಕೆ ಒಂದು. ಒಂದೊಂದು ಸಿಲಿಂಡರಿಗೆ ಸುಮಾರು 450 ಸಿಸಿ. ಹಾಗಾದರೆ ಮೇಲೆ ಉಳಿಯುವ ಜಾಗ ಸುಮಾರು 57.6 ಸಿಸಿ. 60 ಥೌ ಕೊರೆದು ಆ ಜಾಗ ಹಾಗೇ ಇದ್ದರೂ ಪ್ರಮಾಣ 9.1ಕ್ಕೆ ಏರುತ್ತದೆ. ಅದರ ಮೇಲೆ ಹೆಡ್ಡಿನ ತಳವನ್ನು ಹೆರೆಸಿ ನಾಲ್ಕೇ ಸಿಸಿ ಕಡಿಮೆ ಮಾಡಿದರೆ 9.7. ಕೊರೆದವನು ಒಬ್ಬ, ಹೆರೆದವನು ಇನ್ನೊಬ್ಬ, ಪಿಸ್ಟನ್ ಮಾರಿದವನು ಮತ್ತೊಬ್ಬ. ಒಟ್ಟು ಮೊತ್ತ ಯಾರ ಪುಸ್ತಕದಲ್ಲೂ ಇಲ್ಲ! ಒತ್ತಡ ಮಿತಿಮೀರಿದರೆ ಮಿಶ್ರಣ ಉರಿಯಬೇಕಾದಂತೆ ಉರಿಯದೆ ಸಿಡಿಯುತ್ತದೆ. ನಮ್ಮ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಕೊನೆಗೆ ಪಿಸ್ಟನ್ನಿನ ನೆತ್ತಿಯೇ ತೂತು ಬೀಳಬಹುದು.

ಇದು ನಾನು ಹುಟ್ಟಿಸಿದ ಹೆದರಿಕೆಯಲ್ಲ, ಅದೇ ಅಬಿಂಗ್‌ಡನ್ ಕಾರ್ಖಾನೆಯ ಇತಿಹಾಸ. 1958ರಲ್ಲಿ ಅವರು ಇದೇ ಬಿ ಸೀರೀಸ್ ಬ್ಲಾಕಿಗೆ ಎರಡು ಕ್ಯಾಮ್‌ಶಾಫ್ಟಿನ ಹೊಸ ಹೆಡ್ ಕೂರಿಸಿ ಎಂ.ಜಿ.ಎ. ಟ್ವಿನ್ ಕ್ಯಾಮ್ ಎಂಬ ಕಾರು ತಂದರು. 1588 ಸಿಸಿ, 108 ಕುದುರೆ, ಕಂಪ್ರೆಶನ್ 9.9. ಕಾಗದದ ಮೇಲೆ ಎಲ್ಲವೂ ಸರಿ. ರಸ್ತೆಯ ಮೇಲೆ ಪಿಸ್ಟನ್‌ಗಳು ಸುಟ್ಟು ತೂತಾದವು. ಉತ್ತಮ ದರ್ಜೆಯ ಪೆಟ್ರೋಲೇ ಬೇಕು, ಟೈಮಿಂಗ್ ಕೂದಲೆಳೆಯಷ್ಟೂ ತಪ್ಪಬಾರದು ಎಂಬ ಎಂಜಿನ್ ಸಾಮಾನ್ಯ ಗ್ಯಾರೇಜುಗಳ ಕೈಗೆ ಹೋದರೆ ಇನ್ನೇನಾದೀತು? ಕಂಪ್ರೆಶನ್ 8.3ಕ್ಕೆ ಇಳಿಸಿದ ಪಿಸ್ಟನ್ ಹಾಕಿದ ಮೇಲೆ ಕಾಟ ತಗ್ಗಿತು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು. 2111 ಕಾರುಗಳಿಗೇ 1960ರಲ್ಲಿ ಅದು ನಿಂತುಹೋಯಿತು. ಎಂಜಿನಿಯರುಗಳ ಪಡೆಯನ್ನೇ ಇಟ್ಟುಕೊಂಡ ಕಾರ್ಖಾನೆಗೆ ಬಂದ ಗತಿ ಇದಾದರೆ, ಕ್ಯಾಟಲಾಗು ನೋಡಿ ಒಂದೊಂದೇ ಭಾಗ ಕೊಳ್ಳುವ ಶೆಡ್ಡಿನ ಶೂರರಿಗೆ ಎಷ್ಟು ಎಚ್ಚರ ಬೇಕು, ನೀವೇ ಹೇಳಿ.

ಹಾಗಾದರೆ ಶಕ್ತಿ ಎಲ್ಲಿಂದ ಬರುತ್ತದೆ? ಸೌದೆ ಒಲೆಯ ಮುಂದೆ ಕೂತ ಹೆಂಗಸಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೌದೆ ತುರುಕಿದ ಮಾತ್ರಕ್ಕೆ ಒಲೆ ಉರಿಯದು. ಗಾಳಿ ಆಡಬೇಕು, ಹೊಗೆ ಹೋಗಬೇಕು. ಎಂಜಿನ್ನೂ ಅಷ್ಟೇ, ಉಸಿರಾಡಿದಷ್ಟು ದುಡಿಯುತ್ತದೆ. ಬಿ ಸೀರೀಸಿನ ಉಸಿರು ಕಟ್ಟುವುದು ಅದರ ಹೆಡ್ಡಿನಲ್ಲಿ. ನಾಲ್ಕು ಸಿಲಿಂಡರಿಗೆ ಒಳಗೆ ಬರುವ ದಾರಿ ಎರಡೇ. ಎರಡೆರಡು ಮನೆಗೆ ಒಂದೊಂದು ಬಾಗಿಲು. ಹೊರಗೆ ಹೋಗುವುದಕ್ಕೆ ಮೂರು ದಾರಿ, ನಡುವಿನ ಇಬ್ಬರಿಗೆ ಸೇರಿ ಒಂದು. ಇಂಥ ಕಡೆ ಕಾರ್ಬ್ಯುರೇಟರ್ ಎಷ್ಟು ದೊಡ್ಡದಾದರೇನು? ಬೀದಿ ಅಗಲ ಮಾಡಿ ಬಾಗಿಲು ಕಿರಿದಾಗಿಯೇ ಬಿಟ್ಟಂತೆ. ಖರ್ಚು ಮಾಡುವುದಿದ್ದರೆ ಮೊದಲು ಹೆಡ್ಡಿಗೆ ಮಾಡಬೇಕು. ದಾರಿಗಳನ್ನು ನಯ ಮಾಡಿಸಿ, ವಾಲ್ವ್ ಕೂರುವ ಜಾಗದ ಆಕಾರ ತಿದ್ದಿಸಿ, ನಾಲ್ಕೂ ಸಿಲಿಂಡರಿನ ಮೇಲಿನ ಜಾಗ ಒಂದೇ ಅಳತೆಗೆ ಬರುವಂತೆ ನೋಡಿಕೊಳ್ಳಬೇಕು. ಅದಕ್ಕೂ ಮೊದಲು ಹೆಡ್ಡಿನಲ್ಲಿ ವಾಲ್ವುಗಳ ನಡುವೆ ಬಿರುಕಿದೆಯೇ ಎಂದು ಪರೀಕ್ಷಿಸಬೇಕು; ಈ ಹೆಡ್ಡುಗಳಿಗೆ ಅದೊಂದು ಹಳೆಯ ರೋಗ. ಕಾರ್ಖಾನೆ ಕೊಟ್ಟ ಎರಡು ಎಸ್.ಯು. ಕಾರ್ಬ್ಯುರೇಟರುಗಳನ್ನು ಶುಚಿ ಮಾಡಿ, ಹೊಸ ಉಸಿರಾಟಕ್ಕೆ ತಕ್ಕ ಸೂಜಿ ಹಾಕಿದರೆ ರಸ್ತೆಯ ಕಾರಿಗೆ ಅವೇ ಧಾರಾಳವಾಗಿ ಸಾಕು.

ಕ್ಯಾಮ್‌ಶಾಫ್ಟಿನ ಮಾತು ಕೊನೆಯದು. ವಾಲ್ವುಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ನಿರ್ಧರಿಸುವ ಯಜಮಾನ ಅದು. ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದರೆ ಎಂಜಿನ್ ವೇಗವಾಗಿ ಸುತ್ತುವಾಗ ಹೆಚ್ಚು ಉಸಿರು ಸಿಗುತ್ತದೆ, ನಿಧಾನವಾಗಿ ಸುತ್ತುವಾಗ ಇದ್ದ ಎಳೆತವೂ ಹೋಗುತ್ತದೆ. ಮೇಲೆ ಕೊಟ್ಟಿದ್ದನ್ನು ಕೆಳಗಿನಿಂದ ಕಿತ್ತುಕೊಳ್ಳುತ್ತದೆ. ರೇಸಿನಲ್ಲಿ ಓಡುವವನಿಗೆ ಇದು ಲಾಭ. ಪೇಟೆಯಲ್ಲಿ, ಸಿಗ್ನಲ್ಲಿನಲ್ಲಿ, ಸರ್ಕಲ್ಲಿನಲ್ಲಿ ಓಡಿಸುವವಳಿಗೆ ಶುದ್ಧ ನಷ್ಟ. ಕ್ಯಾಟಲಾಗು ಲಾಭದ ಕಡೆಯನ್ನು ದಪ್ಪ ಅಕ್ಷರದಲ್ಲಿ ಹೇಳುತ್ತದೆ. ನಷ್ಟ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಮನೆಯವರೇ ಕೂತು ಯೋಚಿಸಬೇಕು.

ಎಂಜಿನ್ ಒಂದೇ ಕಾರಲ್ಲ ಎಂಬುದನ್ನೂ ಮರೆಯುತ್ತಾರೆ. ಎಂ.ಜಿ.ಬಿ.ಗೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ಮು. 95 ಕುದುರೆಯ ಲೆಕ್ಕಕ್ಕೆ ಮಾಡಿದವು. ವೇಗ ಎರಡರಷ್ಟಾದರೆ ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಹೆಚ್ಚು ಶಕ್ತಿ ಎಂದರೆ ಹೆಚ್ಚು ಶಾಖ, ರೇಡಿಯೇಟರ್ ತಾಳಬೇಕು. ಕ್ಲಚ್ಚು, ಗೇರ್ ಬಾಕ್ಸು, ಸ್ಪ್ರಿಂಗು ಎಲ್ಲವೂ ಪಾಲು ಹೊರಬೇಕು. 1967ರಲ್ಲಿ ಅದೇ ಕಾರ್ಖಾನೆ ಎಂ.ಜಿ.ಬಿ.ಯ ಮೈಗೆ 2912 ಸಿಸಿಯ, ಆರು ಸಿಲಿಂಡರಿನ, 145 ಕುದುರೆಯ ಭಾರವಾದ ಕಬ್ಬಿಣದ ಎಂಜಿನ್ ಇಟ್ಟು ಎಂ.ಜಿ.ಸಿ. ಎಂದು ಕರೆಯಿತು. ಮೂಗು ಭಾರವಾಗಿ ತಿರುವಿನಲ್ಲಿ ಕಾರು ಹೇಳಿದಂತೆ ಕೇಳುವುದಿಲ್ಲವೆಂದು ಪತ್ರಿಕೆಗಳು ಮೂಗು ಮುರಿದವು. ಸುಮಾರು ಒಂಬತ್ತು ಸಾವಿರ ಕಾರುಗಳಾದ ಮೇಲೆ 1969ರಲ್ಲಿ ಮುಗಿಯಿತು. 1973ರಲ್ಲಿ ಅದೇ ಮೈಗೆ ರೋವರ್ ಕಂಪನಿಯ 3528 ಸಿಸಿಯ ಅಲ್ಯೂಮಿನಿಯಂ ವಿ8 ಎಂಜಿನ್ ಇಟ್ಟರು. ಕುದುರೆ 137, ಅಂದರೆ ಮೊದಲಿನದಕ್ಕಿಂತ ಎಂಟು ಕಡಿಮೆ. ಆದರೆ ಎಂಜಿನ್ ಹಳೆಯ ನಾಲ್ಕು ಸಿಲಿಂಡರಿನದಕ್ಕಿಂತ ಭಾರವಿರಲಿಲ್ಲ, ಕಾರು ಹದವಾಗಿತ್ತು. ಓಡಿಸಿದವರು ಇಂದಿಗೂ ಹೊಗಳುವುದು ಕಡಿಮೆ ಕುದುರೆಯ ಎರಡನೆಯದನ್ನೇ.

ಇಷ್ಟು ಹೇಳಿದೆನೆಂದು ನನ್ನನ್ನು ಇನ್ನೊಂದು ಪಂಥಕ್ಕೆ ಸೇರಿಸಬೇಡಿ. ಹಳೆಯ ಕಾರನ್ನು ಕಾರ್ಖಾನೆಯಿಂದ ಬಂದಂತೆಯೇ ಇಡಬೇಕು, ಒಂದು ಸ್ಕ್ರೂ ಬದಲಾದರೂ ಮೈಲಿಗೆ ಎನ್ನುವ ಮಡಿವಂತರೂ ಆ ದೇಶದಲ್ಲಿ ಬೇಕಾದಷ್ಟಿದ್ದಾರೆ. ಅವರ ಮಾತೂ ನಿಲ್ಲುವುದಿಲ್ಲ. ಮೊದಲ ಎಂ.ಜಿ.ಬಿ.ಗಳಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಮೂರು ಬೇರಿಂಗ್ ಇದ್ದವು. 1964ರಲ್ಲಿ ಕಾರ್ಖಾನೆಯೇ ಅದನ್ನು ಐದು ಮಾಡಿತು. ಅವರೇ ತಿದ್ದಿಕೊಂಡದ್ದನ್ನು ನಾವು ಪೂಜೆಗಿಡುವುದೇ? ಪೆಟ್ರೋಲೂ ಹಿಂದಿನದಲ್ಲ. ಬ್ರಿಟನ್ನಿನ ಬಂಕುಗಳಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಸಾಮಾನ್ಯ ಮಾರಾಟ 1999ರ ಕೊನೆಗೆ ನಿಂತಿತು. ಆ ಸೀಸ ಹಳೆಯ ಎಂಜಿನ್ನಿನ ವಾಲ್ವ್ ಸೀಟುಗಳನ್ನು ಕಾಪಾಡುತ್ತಿತ್ತು. ಈಗ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಲೋಹದ ಸೀಟು ಕೂರಿಸದಿದ್ದರೆ ಸವೆದು ಒಳಗೆ ಇಳಿಯುತ್ತವೆ. 2021ರ ಸೆಪ್ಟೆಂಬರಿನಿಂದ ಅಲ್ಲಿಯ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಇದೆ. ಹಳೆಯ ರಬ್ಬರ್ ಕೊಳವೆಗಳು ಅದಕ್ಕೆ ತಾಳುವುದಿಲ್ಲ. ಬದಲಾವಣೆ ಬೇಕೇ ಬೇಕು. ಶಕ್ತಿಯನ್ನೂ ಒಂದಿಷ್ಟು ಹೆಚ್ಚಿಸಲಿ, ನನ್ನ ತಕರಾರಿಲ್ಲ. ಎಂಜಿನ್ ಬಿಚ್ಚಿದಾಗಲೇ ಅದಕ್ಕೆ ಸರಿಯಾದ ಹೊತ್ತು. ಮುಚ್ಚಿದ ಮೇಲೆ ಮತ್ತೆ ಬಿಚ್ಚಿದರೆ ಎರಡು ಪಟ್ಟು ಖರ್ಚು. ಆದ್ದರಿಂದಲೇ ಮೊದಲು ಯೋಜನೆ ಬೇಕು ಎನ್ನುತ್ತೇನೆ.

ಯೋಜನೆ ಎಂದರೆ ಹೀಗೆ. ಮೊದಲು ಓಡಿಸುವವರು, ರಸ್ತೆ, ದುಡ್ಡು, ಮೂರನ್ನೂ ಬರೆಯಿರಿ. ಎಂಜಿನ್ ಬಿಚ್ಚಿ ಪ್ರತಿಯೊಂದನ್ನೂ ಅಳೆದು ಬರೆಯಿರಿ. ಬ್ಲಾಕು, ಹೆಡ್ಡು, ಪಿಸ್ಟನ್ ಮೂರೂ ಸೇರಿ ಕಂಪ್ರೆಶನ್ ಎಷ್ಟಾಗುತ್ತದೆಂದು ಕೊಳ್ಳುವ ಮುಂಚೆ ಲೆಕ್ಕ ಹಾಕಿ. ಬ್ರೇಕು, ರೇಡಿಯೇಟರುಗಳ ಖರ್ಚನ್ನು ಮೊದಲು ತೆಗೆದಿಡಿ, ಉಳಿದದ್ದು ಹೆಡ್ಡಿಗೆ. ಕ್ಯಾಮ್ ಬದಲಿಸುವುದೇ ಆದರೆ ಸೌಮ್ಯವಾದದ್ದು, ಅದರ ಜೊತೆ ಹೊಸ ಟ್ಯಾಪೆಟ್ಟುಗಳು. ಕಟ್ಟಿದ ಮೇಲೆ ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ ನೋಡುವ ರೋಲಿಂಗ್ ರೋಡಿನಲ್ಲಿ ಇಂಧನ, ಟೈಮಿಂಗ್ ಎರಡನ್ನೂ ಹೊಂದಿಸಿ. ತೆಗೆದ ಮೂಲ ಭಾಗಗಳನ್ನು ಎಸೆಯದೆ ಎಣ್ಣೆ ಸವರಿ ಕಟ್ಟಿಡಿ. ಈ ಪಟ್ಟಿ ಬರೆಯುವುದಕ್ಕೆ ಒಂದು ಸಂಜೆ ಸಾಕು. ಆ ಸಂಜೆ ಮೇಜಿನ ಬಳಿ ಇಬ್ಬರೂ ಇರಬೇಕು.

"ಅದು ಅವನ ಹವ್ಯಾಸ, ಬಿಟ್ಟುಬಿಡಿ" ಎಂದು ನನಗೆ ಬುದ್ಧಿ ಹೇಳಿದವರಿದ್ದಾರೆ. ಹೆಂಗಸು ಸೀರೆ ಕೊಂಡರೆ ಮನೆಮಂದಿಯೆಲ್ಲ ಸೆರಗು ಹಿಡಿದು ಬೆಲೆ ಕೇಳುತ್ತಾರೆ. ಗಂಡಸು ಕ್ಯಾಮ್‌ಶಾಫ್ಟ್ ಕೊಂಡರೆ ಅದು ತಾಂತ್ರಿಕ ವಿಷಯ, ಕೇಳಬಾರದು. ನಮಗೆ ಅರ್ಥವಾಗದ ಪದಗಳನ್ನು ಬೇಲಿಯಂತೆ ನೆಟ್ಟು, ಬೇಲಿಯಾಚೆಗೆ ದುಡ್ಡು ಸುರಿಯುವ ಈ ಚಾಳಿ ಇಂಗ್ಲೆಂಡಿನ ಶೆಡ್ಡಿನಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ನಮ್ಮ ಬೋರ್‌ವೆಲ್ಲು, ಮನೆ ಕಟ್ಟಡ, ಶೇರು, ಎಲ್ಲ ಕಡೆಯೂ ಇದೆ. ಬೇಲಿ ಎತ್ತರವೇನಲ್ಲ. ಸಿಲಿಂಡರಿನ ಘನಫಲ ಗೊತ್ತಿದ್ದವಳು ಕಂಪ್ರೆಶನ್ ರೇಷಿಯೋ ಲೆಕ್ಕ ಹಾಕಬಲ್ಲಳು. ಒಲೆ ಊದಿದವಳಿಗೆ ಎಂಜಿನ್ನಿನ ಉಸಿರು ತಿಳಿಯುತ್ತದೆ.

ಆದ್ದರಿಂದ ಮನೆಯ ಗಂಡಸು ಯಾವುದೇ ಯಂತ್ರವನ್ನು ಬಿಚ್ಚಿ ಹರಡಿದಾಗ ಹೆಂಗಸರು ಕಾಫಿ ಲೋಟ ಇಟ್ಟು ಒಳಗೆ ಹೋಗಬೇಕಾಗಿಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತು ಕೇಳಿ: ಇದು ಯಾರಿಗಾಗಿ? ಎಷ್ಟು ಸವೆದಿದೆ, ಅಳೆದಿರಾ? ಹೆಚ್ಚಿದ ಶಕ್ತಿಯನ್ನು ಉಳಿದ ಭಾಗಗಳು ತಾಳುತ್ತವೆಯೇ? ಸರಿಹೋಗದಿದ್ದರೆ ಮೊದಲಿನಂತೆ ಮಾಡಲು ಬರುತ್ತದೆಯೇ? ಈ ನಾಲ್ಕಕ್ಕೂ ನೇರ ಉತ್ತರ ಕೊಡುವವನು ಕುದುರೆ ಎಷ್ಟಾದರೂ ಕಟ್ಟಿಕೊಳ್ಳಲಿ. ಉತ್ತರ ಕೊಡದೆ ನಗುವವನ ಕೈಗೆ ದುಡ್ಡು ಕೊಡಬೇಡಿ.